ಆಂಪ್ಲಿಫೈಯರ್‌ಗೆ ಸ್ಮಾರ್ಟ್ ಪ್ಲಗ್ ಹಾಕಬಹುದಾ? 600 ವ್ಯಾಟ್‌ಗೇ ಪ್ಲಗ್ ಯಾಕೆ ಹೋಯಿತು?

ಪ್ರಶ್ನೆ: ಸರ್, ನನ್ನ ಹತ್ತಿರ ಒಂದು ಹಳೆಯ ಸ್ಟೀರಿಯೋ ಪವರ್ ಆಂಪ್ಲಿಫೈಯರ್ ಇದೆ. ಲೇಬಲ್ ಮೇಲೆ 600 ವ್ಯಾಟ್ ಎಂದಿದೆ. ಅದರ ಸ್ವಿಚ್ ಹಿಂದುಗಡೆ ಇರುವುದರಿಂದ ದಿನಾ ಕೈ ಹಾಕುವುದು ಕಷ್ಟ. ಅದಕ್ಕೇ 10 ಆಂಪಿಯರ್‌ನ ಸ್ಮಾರ್ಟ್ ಪ್ಲಗ್ ಹಾಕಿದೆ. ಕೆಲವು ತಿಂಗಳು ಚೆನ್ನಾಗಿತ್ತು. ಈಗ ಆಪ್‌ನಲ್ಲಿ ಆಫ್ ಎಂದು ತೋರಿಸಿದರೂ ಆಂಪ್ಲಿಫೈಯರ್ ಆನ್ ಆಗೇ ಇರುತ್ತದೆ. 10 ಆಂಪಿಯರ್ ಅಂದರೆ 2300 ವ್ಯಾಟ್ ಅಲ್ವಾ? 600 ವ್ಯಾಟ್‌ಗೇ ಹೇಗೆ ಹೋಯಿತು? 16 ಆಂಪಿಯರ್‌ನದು ಹಾಕಿದರೆ ಸರಿಹೋಗುತ್ತಾ? ಹೀಗೆ ಆನ್-ಆಫ್ ಮಾಡಿದರೆ ಆಂಪ್ಲಿಫೈಯರ್‌ಗೋ ಸ್ಪೀಕರ್‌ಗೋ ತೊಂದರೆ ಇದೆಯಾ? ಇದರ ಜೊತೆ ನೆಟ್‌ನಿಂದ ಹಾಡು ತರುವ ಒಂದು ಸ್ಟ್ರೀಮರ್, ಪವರ್ ಆಂಪ್ಲಿಫೈಯರ್‌ಗೆ ಮೊದಲು ಬರುವ ಪ್ರೀಆಂಪ್, ಸಬ್‌ವೂಫರ್ ಇವೆ. ಇನ್ನೊಂದು ರೂಮಿನಲ್ಲಿ ಟಿವಿಗೆ ಎವಿ ರಿಸೀವರ್ (ಆಡಿಯೋ-ವಿಡಿಯೋ ಎರಡನ್ನೂ ನಡೆಸುವ ಆಂಪ್ಲಿಫೈಯರ್) ಇದೆ. ಎಲ್ಲದಕ್ಕೂ ಪ್ಲಗ್ ಹಾಕಿ ಕರೆಂಟ್ ಉಳಿಸಬೇಕು ಅಂತ ಯೋಚನೆ.

ಉತ್ತರ: ಮೊದಲು ಆ ಪ್ಲಗ್ ತೆಗೆದು ಪಕ್ಕಕ್ಕಿಡಿ. ಮತ್ತೆ ಯಾವುದಕ್ಕೂ ಬಳಸಬೇಡಿ. ಅದರೊಳಗೆ ಒಂದು ಚಿಕ್ಕ ರಿಲೇ ಇರುತ್ತದೆ, ಅಂದರೆ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಮುಚ್ಚುವ, ನಿಲ್ಲಿಸಿದರೆ ಸ್ಪ್ರಿಂಗ್‌ನಿಂದ ತೆರೆದುಕೊಳ್ಳುವ ಸ್ವಿಚ್, ಅದರ ಎರಡು ಕಾಂಟ್ಯಾಕ್ಟ್‌ಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿವೆ. ಆಪ್ ಸುಳ್ಳು ಹೇಳುತ್ತಿಲ್ಲ, ಪ್ಲಗ್ ತನ್ನ ಕೆಲಸ ತಾನು ಮಾಡಿದೆ, ರಿಲೇಯ ಕಾಯಿಲ್‌ಗೆ ಕರೆಂಟ್ ನಿಲ್ಲಿಸಿದೆ. ಆದರೆ ಸ್ಪ್ರಿಂಗ್‌ಗೆ ಅಂಟಿದ ಲೋಹವನ್ನು ಬಿಡಿಸುವಷ್ಟು ಶಕ್ತಿ ಇಲ್ಲ. ಇಂಥ ರಿಲೇಯನ್ನು ಬಿಚ್ಚಿ ನೋಡಿದರೆ ಒಂದು ಕಾಂಟ್ಯಾಕ್ಟ್‌ನಲ್ಲಿ ಚಿಕ್ಕ ಗುಳಿ, ಎದುರಿನದರಲ್ಲಿ ಅದಕ್ಕೆ ಸರಿಯಾಗಿ ಕೂರುವ ಚಿಕ್ಕ ಉಬ್ಬು ಕಾಣುತ್ತದೆ, ಸುತ್ತ ಕಪ್ಪು ಮಸಿ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಟಕ್ ಅಂತ ಬಿಟ್ಟುಕೊಳ್ಳುತ್ತದೆ, ಮತ್ತೆ ಕೆಲಸವನ್ನೂ ಮಾಡುತ್ತದೆ. ಅದನ್ನು ನೋಡಿ ಸರಿಯಾಯಿತು ಅಂದುಕೊಳ್ಳಬೇಡಿ. ಆ ಗುಳಿ, ಉಬ್ಬು ಹಾಗೇ ಇರುತ್ತವೆ, ಮುಂದಿನ ಸಲ ಇನ್ನೂ ಬೇಗ ಅಂಟುತ್ತದೆ.

ಈಗ 600 ವ್ಯಾಟ್ ವಿಷಯ. ನಿಮ್ಮ ಲೆಕ್ಕ ತಪ್ಪಲ್ಲ, ಆದರೆ ಅದು ಆಂಪ್ಲಿಫೈಯರ್ ನಡೆಯುತ್ತಿರುವಾಗಿನ ಲೆಕ್ಕ. ರಿಲೇಯನ್ನು ಹಾಳು ಮಾಡಿದ್ದು ಆನ್ ಆದ ಮೊದಲ 10 ಮಿಲಿಸೆಕೆಂಡ್. 50 ಹರ್ಟ್ಸ್ ಕರೆಂಟ್‌ನಲ್ಲಿ ಅರ್ಧ ಸೈಕಲ್ ಅಂದರೆ ಅಷ್ಟೇ.

ಹಳೆಯ ಪವರ್ ಆಂಪ್ಲಿಫೈಯರ್ ಅಂದರೆ ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಹೆಚ್ಚಾಗಿ ಟೊರಾಯ್ಡ್, ಅಂದರೆ ಬಳೆಯಾಕಾರದ್ದು. ಅದರ ಕಬ್ಬಿಣದ ಕೋರ್‌ನಲ್ಲಿ ಹಿಂದಿನ ಸಲ ಆಫ್ ಮಾಡಿದಾಗಿನ ಕಾಂತಶಕ್ತಿ ಸ್ವಲ್ಪ ಉಳಿದಿರುತ್ತದೆ. ಟೊರಾಯ್ಡ್‌ನ ಕೋರ್‌ನಲ್ಲಿ ಗಾಳಿಯ ಸಂದು ಇಲ್ಲದಿರುವುದರಿಂದ ಇದು ಜಾಸ್ತಿಯೇ ಉಳಿಯುತ್ತದೆ. ಮತ್ತೆ ಆನ್ ಮಾಡಿದ ಕ್ಷಣದಲ್ಲಿ ಹೊಸ ಕಾಂತಶಕ್ತಿ ಅದೇ ದಿಕ್ಕಿನಲ್ಲಿ ಸೇರಿಕೊಂಡರೆ ಕೋರ್ ತುಂಬಿಹೋಗುತ್ತದೆ. ಕೋರ್ ತುಂಬಿದ ಮೇಲೆ ಟ್ರಾನ್ಸ್‌ಫಾರ್ಮರ್ ಟ್ರಾನ್ಸ್‌ಫಾರ್ಮರ್ ಆಗಿರುವುದಿಲ್ಲ, ಸುಮ್ನೆ ಒಂದು ತಾಮ್ರದ ತಂತಿ ಅಷ್ಟೇ. ಆಗ ಕರೆಂಟನ್ನು ತಡೆಯುವುದು ಆ ತಂತಿಯ ಮತ್ತು ಮನೆಯ ವೈರಿಂಗ್‌ನ ರೆಸಿಸ್ಟೆನ್ಸ್ ಮಾತ್ರ. ಅದೆಲ್ಲಾ ಸೇರಿ 3 ಓಮ್ ಎಂದುಕೊಳ್ಳಿ. 230 ವೋಲ್ಟ್ ಲೈನಿನ ತುದಿ 325 ವೋಲ್ಟ್ ಮುಟ್ಟುತ್ತದೆ. ಭಾಗಿಸಿ ನೋಡಿ: 100 ಆಂಪಿಯರ್‌ಗಿಂತ ಮೇಲೆ! ಇದರ ಮೇಲೆ ಆ ಕಡೆ ಖಾಲಿಯಾಗಿ ಕೂತಿರುವ ದೊಡ್ಡ ಕೆಪಾಸಿಟರ್‌ಗಳೂ ತುಂಬಿಕೊಳ್ಳಬೇಕು. ಆನ್ ಮಾಡಿದಾಗ ಧೊಂ ಅಂತ ಒಂದು ಸದ್ದು ಬಂದು ರೂಮಿನ ಲೈಟ್ ಒಂದು ಕ್ಷಣ ಮಂಕಾಗುತ್ತಿದ್ದರೆ ಅದು ಇದೇ. ಇದನ್ನು ಇನ್‌ರಶ್ ಕರೆಂಟ್ ಎನ್ನುತ್ತಾರೆ. ಕೆಲವು ಸೈಕಲ್ ಆದಮೇಲೆ ತಾನಾಗಿ ಇಳಿಯುತ್ತದೆ.

ಪ್ರತಿ ಸಲವೂ ಇಷ್ಟೇ ಬರುವುದಿಲ್ಲ. ಮೇನ್ಸ್‌ನ ಅಲೆ ಯಾವ ಜಾಗದಲ್ಲಿದ್ದಾಗ ಸ್ವಿಚ್ ಆಯಿತು ಅನ್ನುವುದರ ಮೇಲೆ ಇದೆ. ಹಾಗಾಗಿಯೇ ನಿಮ್ಮ ಪ್ಲಗ್ ಕೆಲವು ತಿಂಗಳು ತಡೆದುಕೊಂಡಿದ್ದು. ಅದರ ಜೊತೆ ರಿಲೇಯ ಕಾಂಟ್ಯಾಕ್ಟ್ ಮುಚ್ಚಿಕೊಳ್ಳುವಾಗ ಒಂದೇ ಏಟಿಗೆ ಕೂರುವುದಿಲ್ಲ, ಒಂದೆರಡು ಮಿಲಿಸೆಕೆಂಡ್ ಕುಪ್ಪಳಿಸುತ್ತದೆ. 100 ಆಂಪಿಯರ್ ಹರಿಯುತ್ತಿರುವಾಗಲೇ ಕುಪ್ಪಳಿಸಿದರೆ ಕಿಡಿ ಹಾರಿ ಲೋಹ ಕರಗುತ್ತದೆ, ಕರಗಿದ ಮೇಲೇ ಮತ್ತೆ ಕೂರುತ್ತದೆ, ಅಂಟುತ್ತದೆ.

ಹಾಗಾದರೆ 16 ಆಂಪಿಯರ್ ಪ್ಲಗ್ ಹಾಕಿದರೆ? ಸ್ವಲ್ಪ ವಾಸಿ, ಆದರೆ ಆ ಸಂಖ್ಯೆಯೊಂದನ್ನೇ ನಂಬಿ ತರಬೇಡಿ. 10, 16 ಅನ್ನುವುದು ಹೀಟರ್, ಇಸ್ತ್ರಿಪೆಟ್ಟಿಗೆಯಂಥ ಸುಮ್ಮನೆ ಬಿಸಿಯಾಗುವ ಲೋಡ್‌ಗೆ ಕೊಟ್ಟ ಲೆಕ್ಕ. ನಿಮಗೆ ಬೇಕಾಗಿರುವುದು ಇನ್‌ರಶ್ ತಡೆದುಕೊಳ್ಳುವ ಲೆಕ್ಕ. ಒಳ್ಳೆಯ ರಿಲೇಗಳ ಡೇಟಾಶೀಟ್‌ನಲ್ಲಿ ಅದನ್ನು ಬೇರೆಯಾಗಿ ಬರೆದಿರುತ್ತಾರೆ. ಟಿವಿ-5, ಟಿವಿ-8 ಎನ್ನುವ ರೇಟಿಂಗ್ ಕಂಡರೆ ಖುಷಿಪಡಿ. ಹಳೆಯ ಕಾಲದ ಟಿವಿಗಳನ್ನು ಆನ್ ಮಾಡುವಾಗಿನ ಹೊಡೆತವನ್ನು ಗಮನದಲ್ಲಿಟ್ಟು ಮಾಡಿದ ರೇಟಿಂಗ್ ಅದು. ಟಿವಿ-5 ಅಂದರೆ 78 ಆಂಪಿಯರ್ ಹೊಡೆತ, ಟಿವಿ-8 ಅಂದರೆ 117 ಆಂಪಿಯರ್. ಕಾಂಟ್ಯಾಕ್ಟ್ ಯಾವ ಲೋಹದ್ದು ಅನ್ನುವುದೂ ಮುಖ್ಯ. ಬೆಳ್ಳಿ ಜೊತೆ ಟಿನ್ ಆಕ್ಸೈಡ್ ಸೇರಿಸಿದ ಕಾಂಟ್ಯಾಕ್ಟ್ ಬೆಳ್ಳಿ-ನಿಕ್ಕಲ್‌ನಷ್ಟು ಸುಲಭವಾಗಿ ಅಂಟುವುದಿಲ್ಲ. ತೊಂದರೆ ಏನೆಂದರೆ ಸ್ಮಾರ್ಟ್ ಪ್ಲಗ್‌ನ ಡಬ್ಬದ ಮೇಲೆ ಇದ್ಯಾವುದನ್ನೂ ಸಾಮಾನ್ಯವಾಗಿ ಬರೆದಿರುವುದಿಲ್ಲ. ಅದಕ್ಕೇ ಪ್ಲಗ್ ದೊಡ್ಡದು ಮಾಡುವುದಕ್ಕಿಂತ ಹೊಡೆತವನ್ನು ಚಿಕ್ಕದು ಮಾಡಿ ಅನ್ನುವುದು ನನ್ನ ಸಲಹೆ.

ಇಲ್ಲಿ ಇನ್ನೊಂದು ವಿಷಯ. ಕೆಲವು ಸ್ಮಾರ್ಟ್ ಪ್ಲಗ್‌ಗಳಲ್ಲಿ ಝೀರೋ-ಕ್ರಾಸಿಂಗ್ ಸ್ವಿಚಿಂಗ್ ಇದೆ ಎಂದು ದೊಡ್ಡದಾಗಿ ಹಾಕಿರುತ್ತಾರೆ. ವೋಲ್ಟೇಜ್ ಸೊನ್ನೆ ದಾಟುವ ಕ್ಷಣದಲ್ಲೇ ರಿಲೇ ಮುಚ್ಚುವ ಹಾಗೆ ಮಾಡುವುದು ಅದು. ಎಲ್‌ಇಡಿ ಲೈಟ್, ಚಾರ್ಜರ್, ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದ ಸ್ವಿಚಿಂಗ್ ಪವರ್ ಸಪ್ಲೈ) ಇರುವ ಹೊಸ ಆಂಪ್ಲಿಫೈಯರ್‌ಗಳಿಗೆ ಇದು ನಿಜಕ್ಕೂ ಒಳ್ಳೆಯದು, ಯಾಕೆಂದರೆ ಅಲ್ಲಿ ಖಾಲಿ ಕೆಪಾಸಿಟರ್ ನೇರ ಲೈನಿಗೆ ಎದುರಾಗುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಇದೇ ಉಲ್ಟಾ. ಸೊನ್ನೆಯಲ್ಲಿ ಶುರುವಾದರೆ ಕೋರ್‌ನ ಕಾಂತಶಕ್ತಿ ಮಾಮೂಲಿಗಿಂತ ಎರಡು ಪಟ್ಟು ಏರಲು ನೋಡುತ್ತದೆ, ತುದಿಯಲ್ಲಿ ಶುರುವಾದರೆ ಮಾಮೂಲಿಯಷ್ಟೇ ಏರುತ್ತದೆ. ಅಂದರೆ ದೊಡ್ಡ ಟೊರಾಯ್ಡ್‌ಗೆ ಝೀರೋ-ಕ್ರಾಸಿಂಗ್ ಪ್ಲಗ್ ಹಾಕಿದರೆ ಪ್ರತಿ ಸಲವೂ ಅತ್ಯಂತ ಕೆಟ್ಟ ಕ್ಷಣವನ್ನೇ ಹುಡುಕಿ ಆನ್ ಮಾಡಿದ ಹಾಗೆ. ಒಬ್ಬರಿಗೆ ವರ್ಷಗಟ್ಟಲೆ ನಡೆದ ಪ್ಲಗ್ ಇನ್ನೊಬ್ಬರಿಗೆ ಬೇಗ ಹೋಗುವುದಕ್ಕೆ ಇದೂ ಒಂದು ಕಾರಣ. ಆಂಪ್ಲಿಫೈಯರ್ ಒಳಗೆ ಏನಿದೆ ಎಂದು ಗೊತ್ತಿಲ್ಲದೆ ಪ್ಲಗ್ ಆರಿಸಬೇಡಿ.

ಹೊಡೆತ ಕಮ್ಮಿ ಮಾಡುವುದು ಹೇಗೆ? ಕೆಲವು ಆಂಪ್ಲಿಫೈಯರ್‌ಗಳಲ್ಲಿ ಸಾಫ್ಟ್ ಸ್ಟಾರ್ಟ್ ಸರ್ಕ್ಯೂಟ್ ಮೊದಲೇ ಇರುತ್ತದೆ. ಆನ್ ಮಾಡಿದಾಗ ಕರೆಂಟ್ ಮೊದಲು ಒಂದು ರೆಸಿಸ್ಟರ್ ಮೂಲಕ ಹೋಗುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಒಳಗಿನ ರಿಲೇ ಆ ರೆಸಿಸ್ಟರನ್ನು ಪಕ್ಕಕ್ಕೆ ಬಿಟ್ಟು ನೇರ ದಾರಿ ಮಾಡಿಕೊಡುತ್ತದೆ. 33 ಓಮ್‌ನ ರೆಸಿಸ್ಟರ್ ಇದ್ದರೆ 325 ವೋಲ್ಟ್‌ನಲ್ಲೂ 10 ಆಂಪಿಯರ್ ದಾಟುವುದಿಲ್ಲ. ಎಷ್ಟು ವ್ಯತ್ಯಾಸ ನೋಡಿ. ನಿಮ್ಮದರಲ್ಲಿ ಇದೆಯಾ ಎಂದು ತಿಳಿಯಲು ಆನ್ ಮಾಡುವಾಗ ಹತ್ತಿರ ನಿಂತು ಕೇಳಿ. ಸಾಫ್ಟ್ ಸ್ಟಾರ್ಟ್ ಇದ್ದರೆ ಸಾಮಾನ್ಯವಾಗಿ ಒಂದು ಸೆಕೆಂಡ್ ಒಳಗೇ ಒಂದು ಕ್ಲಿಕ್ ಕೇಳುತ್ತದೆ, ಮತ್ತೆ ಕೆಲವು ಸೆಕೆಂಡ್ ಬಿಟ್ಟು ಸ್ಪೀಕರನ್ನು ಜೋಡಿಸುವ ರಿಲೇಯ ಎರಡನೇ ಕ್ಲಿಕ್. ಒಂದೇ ಕ್ಲಿಕ್ ಕೇಳಿ, ಲೈಟೂ ಮಂಕಾದರೆ ಸಾಫ್ಟ್ ಸ್ಟಾರ್ಟ್ ಇಲ್ಲವೆಂದೇ ತಿಳಿಯಿರಿ. ಸರ್ವಿಸ್ ಮ್ಯಾನುಯಲ್ ಸಿಕ್ಕರೆ ಅನುಮಾನವೇ ಬೇಡ.

ನಿಮ್ಮ ಪ್ಲಗ್ ಅಂಟಿಕೊಂಡಿರುವುದನ್ನು ನೋಡಿದರೆ ಇಲ್ಲ ಅಂತಲೇ ಕಾಣುತ್ತದೆ. ಆಗ ಎರಡು ದಾರಿ. ಪ್ಲಗ್‌ಗೂ ಆಂಪ್ಲಿಫೈಯರ್‌ಗೂ ನಡುವೆ ಹಾಕುವ ಇನ್‌ರಶ್ ಲಿಮಿಟರ್‌ಗಳು ಸಿದ್ಧವಾಗಿ ಸಿಗುತ್ತವೆ, ಇಲ್ಲವೇ ಒಬ್ಬ ಒಳ್ಳೆಯ ಆಡಿಯೋ ಟೆಕ್ನಿಷಿಯನ್ ಆಂಪ್ಲಿಫೈಯರ್ ಒಳಗೇ ಸಾಫ್ಟ್ ಸ್ಟಾರ್ಟ್ ಬೋರ್ಡ್ ಕೂರಿಸಿಕೊಡುತ್ತಾರೆ. ನನಗೆ ಎರಡನೆಯದೇ ಇಷ್ಟ, ಯಾಕೆಂದರೆ ಅದು ಪ್ಲಗ್‌ನ ಜೊತೆಗೆ ಆಂಪ್ಲಿಫೈಯರ್‌ನ ಸ್ವಂತ ಸ್ವಿಚ್, ಫ್ಯೂಸ್, ಡಯೋಡ್‌ಗಳನ್ನೂ ಕಾಪಾಡುತ್ತದೆ. ಬರೀ ಎನ್‌ಟಿಸಿ ಥರ್ಮಿಸ್ಟರ್ ಒಂದನ್ನು ಸೇರಿಸುವುದು ಸುಲಭದ ಉಪಾಯ. ಅದು ತಣ್ಣಗಿದ್ದಾಗ ತಡೆಯುತ್ತದೆ, ಬಿಸಿಯಾದ ಮೇಲೆ ಬಿಟ್ಟುಕೊಡುತ್ತದೆ. ಆದರೆ ಆಫ್ ಮಾಡಿ ತಕ್ಷಣ ಆನ್ ಮಾಡಿದರೆ ಅದಿನ್ನೂ ಬಿಸಿಯಾಗೇ ಇರುತ್ತದೆ, ತಡೆಯುವುದೇ ಇಲ್ಲ. ಸ್ಮಾರ್ಟ್ ಪ್ಲಗ್‌ಗಳ ವಿಷಯದಲ್ಲಿ ಇದು ಜಾಸ್ತಿ ಆಗುತ್ತದೆ, ಫೋನಿನಲ್ಲಿ ಎರಡು ಸಲ ಬೆರಳು ತಾಗಿದರೆ ಸಾಕಲ್ಲ. ಹಾಗಾಗಿ ಆಫ್ ಆದ ಮೇಲೆ ಒಂದೆರಡು ನಿಮಿಷ ಆನ್ ಆಗದ ಹಾಗೆ ಆಟೊಮೇಷನ್‌ನಲ್ಲಿ (ಪ್ಲಗ್ ತಾನಾಗಿ ಆನ್-ಆಫ್ ಆಗಲು ಆಪ್‌ನಲ್ಲಿ ಹಾಕುವ ನಿಯಮದಲ್ಲಿ) ಒಂದು ತಡೆ ಹಾಕಿಡಿ.

ಇನ್ನೊಂದು ದಾರಿಯನ್ನು ಎಲೆಕ್ಟ್ರಿಷಿಯನ್‌ಗಳು ಹೇಳುತ್ತಾರೆ: ಕಾಂಟ್ಯಾಕ್ಟರ್. ಮೋಟಾರುಗಳಿಗೆ ಹಾಕುವಂಥ ದೊಡ್ಡ ರಿಲೇ ಅದು. ಸ್ಮಾರ್ಟ್ ಪ್ಲಗ್ ಅದರ ಕಾಯಿಲನ್ನು ಮಾತ್ರ ಆನ್ ಮಾಡುತ್ತದೆ, ಆಂಪ್ಲಿಫೈಯರ್‌ನ ಕರೆಂಟ್ ಕಾಂಟ್ಯಾಕ್ಟರ್‌ನ ದಪ್ಪ ಕಾಂಟ್ಯಾಕ್ಟ್ ಮೂಲಕ ಹೋಗುತ್ತದೆ. ಒಂದಕ್ಕಿಂತ ಹೆಚ್ಚು ದೊಡ್ಡ ಆಂಪ್ಲಿಫೈಯರ್ ಇರುವವರಿಗೆ ಇದೇ ಗಟ್ಟಿ ಉಪಾಯ. ಆದರೆ ಇದು ಹೊಡೆತವನ್ನು ತಾಳಿಕೊಳ್ಳುತ್ತದೆಯೇ ಹೊರತು ಕಮ್ಮಿ ಮಾಡುವುದಿಲ್ಲ, ಆನ್ ಇರುವಷ್ಟು ಹೊತ್ತು ಕಾಯಿಲ್ ಒಂದೆರಡು ವ್ಯಾಟ್ ತಿನ್ನುತ್ತದೆ, ಸಣ್ಣಗೆ ಗುಂಯ್‌ಗುಡುವುದೂ ಉಂಟು. ಕೇಳುವ ಜಾಗದಿಂದ ದೂರ ಇಡಿಸಿ. ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಹೊಡೆತ ಜೋರಾಗಿದ್ದರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಮನೆಯ ಸ್ವಿಚ್) ಕೂಡ ಬೀಳಬಹುದು. ಬಿ ಕರ್ವ್ ಎನ್ನುವ ಬಗೆಯ ಎಂಸಿಬಿ ತನ್ನ ರೇಟಿಂಗ್‌ನ 3ರಿಂದ 5 ಪಟ್ಟಿಗೇ ಬೀಳುತ್ತದೆ, ಸಿ ಕರ್ವ್ 5ರಿಂದ 10 ಪಟ್ಟಿಗೆ. ಎಂಸಿಬಿ ಬೀಳುತ್ತದೆ ಎಂದು ಇನ್ನೂ ದೊಡ್ಡದನ್ನು ಹಾಕಿಸಬೇಡಿ. ಅದು ಇರುವುದು ಗೋಡೆಯೊಳಗಿನ ವೈರನ್ನು ಕಾಯುವುದಕ್ಕೆ. ಆಂಪ್ಲಿಫೈಯರ್‌ಗೇ ಸಾಫ್ಟ್ ಸ್ಟಾರ್ಟ್ ಹಾಕಿಸಿ.

ಎವಿ ರಿಸೀವರ್ ವಿಷಯ ಪೂರ್ತಿ ಬೇರೆ. ಅದಕ್ಕೆ ಪ್ಲಗ್ ಬೇಡ ಅಂತಲೇ ಹೇಳುತ್ತೇನೆ. ನಿಮ್ಮ ಹಳೆಯ ಆಂಪ್ಲಿಫೈಯರ್‌ನ ಸ್ವಿಚ್ ಒತ್ತಿದರೆ ಒಳಗೇ ಸಿಕ್ಕಿಕೊಂಡು ನಿಲ್ಲುವಂಥದ್ದು, ಆದ್ದರಿಂದ ಕರೆಂಟ್ ಬಂದ ಕೂಡಲೇ ಅದು ಎದ್ದೇಳುತ್ತದೆ. ರಿಸೀವರ್‌ನ ಬಟನ್ ಹಾಗಲ್ಲ. ಅದು ಒಳಗಿನ ಪ್ರೊಸೆಸರ್‌ಗೆ ಏಳು ಎಂದು ಹೇಳುತ್ತದೆ ಅಷ್ಟೇ. ಪ್ಲಗ್‌ನಿಂದ ಕರೆಂಟ್ ಕೊಟ್ಟರೆ ಎಷ್ಟೋ ರಿಸೀವರ್‌ಗಳು ಸ್ಟ್ಯಾಂಡ್‌ಬೈಗೆ ಬಂದು ಕೂರುತ್ತವೆ, ಮತ್ತೆ ರಿಮೋಟ್ ಬೇಕೇ ಬೇಕು. ಪರೀಕ್ಷೆ ಸುಲಭ. ಆನ್ ಇರುವಾಗಲೇ, ಹಾಡು ನಿಲ್ಲಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ, ಒಂದೆರಡು ನಿಮಿಷ ಬಿಟ್ಟು ಆನ್ ಮಾಡಿ. ತಾನಾಗಿ ಎದ್ದರೆ ಪ್ಲಗ್‌ಗೆ ಹೊಂದುತ್ತದೆ, ಇಲ್ಲದಿದ್ದರೆ ಪ್ಲಗ್ ಆಫ್ ಮಾಡಲು ಮಾತ್ರ ಉಪಯೋಗ. ಇನ್ನು ರಿಸೀವರ್ ರಾತ್ರಿ ತಾನೇ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಕೊಳ್ಳುತ್ತಿರುವಾಗ ನಿಮ್ಮ ಟೈಮರ್ ಕರೆಂಟ್ ತೆಗೆದರೆ ಸೆಟ್ ಪೂರ್ತಿ ಕೂತುಹೋಗುವ ಅಪಾಯ ಇದೆ. ಆಮೇಲೆ ಸರ್ವಿಸ್ ಸೆಂಟರೇ ಗತಿ.

ರಿಸೀವರ್‌ಗೆ ತನ್ನದೇ ದಾರಿಗಳು ಇವೆ, ಅವನ್ನು ಬಳಸಿ. ಟಿವಿಗೆ ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿ ಎರಡೂ ಕಡೆ ಸಿಇಸಿ (ಅದೇ ಕೇಬಲ್‌ನಲ್ಲಿ ಒಂದು ಸೆಟ್ ಇನ್ನೊಂದಕ್ಕೆ ಆನ್-ಆಫ್ ಹೇಳುವ ಸೌಲಭ್ಯ) ಆನ್ ಮಾಡಿದರೆ ಟಿವಿ ಎದ್ದಾಗ ರಿಸೀವರೂ ಏಳುತ್ತದೆ, ಟಿವಿ ಮಲಗಿದರೆ ಅದೂ ಮಲಗುತ್ತದೆ. ವೈಫೈ ಇರುವ ರಿಸೀವರ್‌ಗಳನ್ನು ನೆಟ್‌ವರ್ಕ್ ಮೂಲಕವೇ ಮನೆಯ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಹೋಮ್ ಅಸಿಸ್ಟೆಂಟ್‌ನಂಥ ವ್ಯವಸ್ಥೆಗೆ ಸೇರಿಸಬಹುದು. ಹಿಂದುಗಡೆ 12 ವೋಲ್ಟ್ ಟ್ರಿಗರ್ ಎಂದು ಬರೆದ 3.5 ಮಿಲಿಮೀಟರ್‌ನ ತೂತು ಇದ್ದರೆ ಅದು ಇನ್ನೂ ಚೆಂದ. ಮುಂದೆ ಪವರ್ ಆಂಪ್ಲಿಫೈಯರ್ ಕೊಳ್ಳುವಾಗ ಟ್ರಿಗರ್ ಇನ್‌ಪುಟ್ ಇರುವುದನ್ನೇ ಹುಡುಕಿ. ಒಂದು ಮಾಮೂಲಿ ಮೋನೋ ಕೇಬಲ್ ಹಾಕಿದರೆ ರಿಸೀವರೋ ಪ್ರೀಆಂಪೋ ಆನ್ ಆದಾಗ 12 ವೋಲ್ಟ್ ಹೋಗಿ ಆಂಪ್ಲಿಫೈಯರನ್ನು ಎಬ್ಬಿಸುತ್ತದೆ, ಅದೂ ತನ್ನದೇ ಸಾಫ್ಟ್ ಸ್ಟಾರ್ಟ್, ತನ್ನದೇ ದೊಡ್ಡ ರಿಲೇ ಮೂಲಕ. ಆಪ್ ಬೇಡ, ಇಂಟರ್ನೆಟ್ ಬೇಡ. ಸ್ಮಾರ್ಟ್ ಪ್ಲಗ್ ಬರುವುದಕ್ಕೆ ಎಷ್ಟೋ ಮುಂಚೆಯೇ ಆಡಿಯೋ ಜನ ಕಂಡುಕೊಂಡ ಉಪಾಯ ಇದು, ಇವತ್ತಿಗೂ ಇದನ್ನು ಮೀರಿಸಿದ್ದು ನಾನು ನೋಡಿಲ್ಲ.

ಈಗ ಸ್ಪೀಕರ್ ಬಗ್ಗೆ. ಆನ್-ಆಫ್ ಮಾಡುವುದರಿಂದ ಸ್ಪೀಕರ್ ಹಾಳಾಗುವುದಿಲ್ಲ, ತಪ್ಪು ಕ್ರಮದಲ್ಲಿ ಮಾಡಿದರೆ ಹಾಳಾಗುತ್ತದೆ. ಪ್ರೀಆಂಪ್, ಸ್ಟ್ರೀಮರ್ ಇವು ಆನ್ ಆಗುವಾಗ, ಆಫ್ ಆಗುವಾಗ ಔಟ್‌ಪುಟ್‌ನಲ್ಲಿ ಒಂದು ಚಿಕ್ಕ ಜರ್ಕ್ ಬರುತ್ತದೆ. ಪವರ್ ಆಂಪ್ಲಿಫೈಯರ್‌ಗಳ ಗೇನ್, ಅಂದರೆ ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ, ಸಾಮಾನ್ಯವಾಗಿ 28 ಡಿಬಿ ಆಸುಪಾಸು ಇರುತ್ತದೆ, ಅಂದರೆ 25 ಪಟ್ಟು. ಅಲ್ಲಿ 1 ವೋಲ್ಟ್ ಜರ್ಕ್ ಬಂದರೆ ಇಲ್ಲಿ ಸ್ಪೀಕರ್‌ಗೆ 25 ವೋಲ್ಟ್. ವೂಫರ್‌ನ ಕೋನ್ ಒಮ್ಮೆಲೇ ಮುಂದಕ್ಕೆ ಹಾರುವುದು ಕಣ್ಣಿಗೇ ಕಾಣುತ್ತದೆ. ಹಾಗಾಗಿ ಹಳೆಯ ನಿಯಮ ಹಾಗೇ ಇದೆ: ಪವರ್ ಆಂಪ್ಲಿಫೈಯರ್ ಕೊನೆಗೆ ಆನ್, ಮೊದಲು ಆಫ್. ಪ್ರೀಆಂಪ್ ಆನ್ ಆಗಿ 10 ಸೆಕೆಂಡ್ ಬಿಟ್ಟು ಪವರ್ ಆಂಪ್ಲಿಫೈಯರ್‌ನ ಪ್ಲಗ್ ಆನ್ ಆಗಲಿ. ಆಫ್ ಮಾಡುವಾಗ ಪವರ್ ಆಂಪ್ಲಿಫೈಯರ್ ಮೊದಲು ಹೋಗಲಿ, ಅದರ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟ್ ಖಾಲಿಯಾಗಲು ಅರ್ಧ ನಿಮಿಷ ಕೊಟ್ಟು ಆಮೇಲೆ ಪ್ರೀಆಂಪ್. ಕೈಯಲ್ಲಿ ಮಾಡುವಾಗ ಈ ಶಿಸ್ತು ತಪ್ಪಿಹೋಗುತ್ತದೆ, ಆಟೊಮೇಷನ್‌ಗೆ ಒಂದು ಸಲ ಹೇಳಿಕೊಟ್ಟರೆ ಅದು ಮರೆಯುವುದಿಲ್ಲ. ನನ್ನ ಪ್ರಕಾರ ಸ್ಮಾರ್ಟ್ ಪ್ಲಗ್‌ನ ನಿಜವಾದ ಲಾಭ ಇದೇ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ಅದಕ್ಕೆ ಒಂದೇ ಪ್ಲಗ್ ಕೊಡಬೇಡಿ. ಕ್ರಮವೂ ಕೆಡುತ್ತದೆ, ಎಲ್ಲದರ ಇನ್‌ರಶ್ಶೂ ಒಂದೇ ರಿಲೇ ಮೇಲೆ ಬೀಳುತ್ತದೆ.

ಹಾಡು ಜೋರಾಗಿ ನಡೆಯುತ್ತಿರುವಾಗ ಪ್ಲಗ್ ಆಫ್ ಮಾಡುವುದೂ ಒಳ್ಳೆಯದಲ್ಲ. ಚೆನ್ನಾಗಿ ಮಾಡಿದ ಆಂಪ್ಲಿಫೈಯರ್ ಮೇನ್ಸ್ ಹೋಗಿದ್ದನ್ನು ಗುರುತಿಸಿ ಸ್ಪೀಕರ್ ರಿಲೇಯನ್ನು ತಕ್ಷಣ ಬಿಡುತ್ತದೆ, ಸದ್ದು ಫಟ್ ಅಂತ ನಿಲ್ಲುತ್ತದೆ. ಅಂಥ ರಿಲೇ ಇಲ್ಲದ ಹಳೆಯದರಲ್ಲಿ ಸಪ್ಲೈ ಇಳಿಯುತ್ತಾ ಹೋದ ಹಾಗೆ ಹಾಡು ಗೊಗ್ಗರಾಗಿ, ಕೊನೆಗೆ ಒಂದು ಗುಡ್ ಅಂತ ಸದ್ದು. ಆಫ್ ಮಾಡುವ ಆಟೊಮೇಷನ್ ಮೊದಲು ಪ್ಲೇಯರ್‌ನಲ್ಲಿ ಹಾಡು ನಿಲ್ಲಿಸಲಿ.

ಸ್ಟ್ರೀಮರ್ ಅಂದರೆ ಒಂದು ಚಿಕ್ಕ ಕಂಪ್ಯೂಟರ್. ಅದನ್ನು ಪ್ಲಗ್‌ನಿಂದ ಎಳೆದು ಆಫ್ ಮಾಡಬೇಡಿ, ಮುಖ್ಯವಾಗಿ ಎಸ್‌ಡಿ ಕಾರ್ಡ್ ಮೇಲೆ ಓಡುವಂಥದ್ದಾದರೆ ಕಾರ್ಡ್ ಕೆಡುತ್ತದೆ. ಕೆಲವೇ ವ್ಯಾಟ್ ತಿನ್ನುತ್ತದೆ, ಇರಲಿ ಬಿಡಿ. ಸಬ್‌ವೂಫರ್‌ಗೆ ಹಿಂದೆ ಆಟೊ ಎನ್ನುವ ಸ್ವಿಚ್ ಇದ್ದರೆ ಅದರಲ್ಲೇ ಇಡಿ, ಸಿಗ್ನಲ್ ಬಂದಾಗ ತಾನೇ ಏಳುತ್ತದೆ.

ಕರೆಂಟ್ ಉಳಿತಾಯದ ಲೆಕ್ಕವನ್ನು ಕೂತು ಮಾಡೋಣ, ಯಾಕೆಂದರೆ ಇಲ್ಲೇ ತುಂಬಾ ಜನ ಎಡವುತ್ತಾರೆ. 1 ವ್ಯಾಟ್ ವರ್ಷಪೂರ್ತಿ ಓಡಿದರೆ 8.76 ಯೂನಿಟ್. ನಿಮ್ಮ ಪವರ್ ಆಂಪ್ಲಿಫೈಯರ್ ಕ್ಲಾಸ್ ಎಬಿ ಎನ್ನುವ ಬಗೆಯದಾಗಿದ್ದು, ಹಾಡಿಲ್ಲದೆ ಸುಮ್ನೆ ಆನ್ ಇದ್ದಾಗ 50 ವ್ಯಾಟ್ ತಿನ್ನುತ್ತದೆ ಎಂದುಕೊಳ್ಳಿ. ದಿನಕ್ಕೆ 4 ಗಂಟೆ ಕೇಳಿ, ಉಳಿದ 20 ಗಂಟೆ ಆಫ್ ಮಾಡಿದರೆ ವರ್ಷಕ್ಕೆ 365 ಯೂನಿಟ್ ಉಳಿಯುತ್ತದೆ. ಇದು ದೊಡ್ಡದೇ. ಜೊತೆಗೆ ಒಳಗಿನ ಬಿಸಿಯೂ ಕಮ್ಮಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಸದಾ ಆನ್ ಇಟ್ಟರೇ ಒಳ್ಳೆಯದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾಡಿಲ್ಲದಾಗಲೂ ಒಳಗೆ ಜಾಸ್ತಿ ಕರೆಂಟ್ ಹರಿಸುತ್ತಲೇ ಇರುವ ಕ್ಲಾಸ್ ಎ ಬಗೆಯದಾಗಿದ್ದರಂತೂ ಸುಮ್ಮನಿದ್ದಾಗಲೇ 100 ವ್ಯಾಟ್ ದಾಟುವುದು ಮಾಮೂಲು, ಅಲ್ಲಿ ಉಳಿತಾಯ ಇನ್ನೂ ಜಾಸ್ತಿ.

ಅದೇ ಲೆಕ್ಕವನ್ನು ರಿಸೀವರ್‌ಗೆ ಹಾಕಿ. ಯುರೋಪಿನ ಒಕ್ಕೂಟ 2010ರಿಂದ ಸ್ಟ್ಯಾಂಡ್‌ಬೈ ಖರ್ಚಿಗೆ 1 ವ್ಯಾಟ್ ಮಿತಿ ಹಾಕಿತು, 2013ರಿಂದ ಅದನ್ನು 0.5 ವ್ಯಾಟ್‌ಗೆ ಇಳಿಸಿತು. ಅಲ್ಲಿಗೂ ಮಾರುವ ಕಂಪನಿಗಳ ಸೆಟ್‌ಗಳು ಬೇರೆ ಕಡೆಯೂ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಅಂಥ ರಿಸೀವರ್ ಸ್ಟ್ಯಾಂಡ್‌ಬೈನಲ್ಲಿ ವರ್ಷಕ್ಕೆ ನಾಲ್ಕು ಯೂನಿಟ್ ಕೂಡ ತಿನ್ನುವುದು ಕಷ್ಟ. ವೈಫೈ ಸ್ಮಾರ್ಟ್ ಪ್ಲಗ್ ತಾನೇ 24 ಗಂಟೆಯೂ ಎಚ್ಚರವಾಗಿರಬೇಕಲ್ಲ, ಅದಕ್ಕೆ ಅರ್ಧದಿಂದ 1 ವ್ಯಾಟ್ ಬೇಕು. ಅಂದರೆ ಉಳಿಸಲು ಹಾಕಿದ ಪ್ಲಗ್ಗೇ ಉಳಿಸಿದ್ದಕ್ಕಿಂತ ಜಾಸ್ತಿ ತಿನ್ನಬಹುದು! ರಿಸೀವರ್‌ನ ಮೆನುವಿನಲ್ಲಿ ನೆಟ್‌ವರ್ಕ್ ಸ್ಟ್ಯಾಂಡ್‌ಬೈ, ಎಚ್‌ಡಿಎಂಐ ಪಾಸ್‌ಥ್ರೂ ಆನ್ ಇದ್ದರೆ ಮಾತ್ರ ಖರ್ಚು ಏರುತ್ತದೆ. ಬೇಡವಾದರೆ ಅವನ್ನು ಅಲ್ಲೇ ಆಫ್ ಮಾಡಿ. ಹೀಗಾಗಿ ನಿಮ್ಮ ಮನೆಯಲ್ಲಿ ಪ್ಲಗ್ ಬೇಕಾಗಿರುವುದು ಪವರ್ ಆಂಪ್ಲಿಫೈಯರ್‌ಗೆ, ಕ್ರಮಕ್ಕೋಸ್ಕರ ಬೇಕಾದರೆ ಪ್ರೀಆಂಪ್‌ಗೆ. ಅಷ್ಟೇ.

ಹೊಸ ಪ್ಲಗ್ ತರುವಾಗ ವ್ಯಾಟ್ ಅಳೆಯುವಂಥದ್ದನ್ನೇ ತನ್ನಿ. ಆದರೆ ಆ ಅಳತೆಯನ್ನು ಹಾಡು ನಿಂತಿತಾ ಎಂದು ತಿಳಿಯಲು ಬಳಸಬೇಡಿ. ಕ್ಲಾಸ್ ಎಬಿ ಆಂಪ್ಲಿಫೈಯರ್‌ನಲ್ಲಿ ರಾತ್ರಿ ಮೆಲ್ಲಗೆ ಹಾಡು ಹಾಕಿದಾಗ ಸ್ಪೀಕರ್‌ಗೆ ಹೋಗುವುದು ಒಂದು ವ್ಯಾಟ್‌ಗಿಂತ ಕಮ್ಮಿ. 50 ಇದ್ದದ್ದು 51 ಆಗಬಹುದು. ಮೇನ್ಸ್ ವೋಲ್ಟೇಜ್ ಸ್ವಲ್ಪ ಏರಿಳಿದರೂ ಅಷ್ಟೇ ವ್ಯತ್ಯಾಸ ಬರುತ್ತದೆ. 55 ವ್ಯಾಟ್‌ಗಿಂತ ಕೆಳಗಿದ್ದರೆ ಆಫ್ ಮಾಡು ಎಂದು ಹಾಕಿದರೆ ಆಲಾಪದ ಮಧ್ಯೆಯೇ ಆಫ್ ಆಗಿಬಿಡುತ್ತದೆ. ಸ್ಟ್ರೀಮರ್ ಹಾಡುತ್ತಿದೆಯಾ, ನಿಂತಿದೆಯಾ ಅನ್ನುವ ಮಾಹಿತಿ ನೆಟ್‌ವರ್ಕ್‌ನಲ್ಲೇ ಸಿಗುತ್ತದೆ, ಅದನ್ನು ಹಿಡಿದು ಹಾಡು ನಿಂತು 20 ನಿಮಿಷವಾದ ಮೇಲೆ ಆಫ್ ಮಾಡಿಸಿ. ಹಾಡು ಶುರುವಾದಾಗ ಆನ್ ಆಗುವ ಹಾಗೂ ಮಾಡಬಹುದು, ಮೊದಲ ಕೆಲವು ಸೆಕೆಂಡ್ ಹಾಡು ಕೇಳುವುದಿಲ್ಲ ಅಷ್ಟೇ.

ಇದನ್ನು ಓದುತ್ತಿರುವವರಲ್ಲಿ ವಾಲ್ವ್ (ಗಾಜಿನ ಟ್ಯೂಬ್) ಆಂಪ್ಲಿಫೈಯರ್ ಇಟ್ಟುಕೊಂಡವರು ಇದ್ದರೆ ಒಂದು ಮಾತು. ಅದನ್ನು ಟೈಮರ್‌ಗೋ ದೂರದಿಂದ ಆನ್ ಮಾಡುವುದಕ್ಕೋ ಬಿಡಬೇಡಿ. ವಾಲ್ವ್‌ಗಳು ಕೈ ಸುಡುವಷ್ಟು ಬಿಸಿಯಾಗುತ್ತವೆ, ಒಂದು ವಾಲ್ವ್ ಕೆಟ್ಟು ಕೆಂಪಗಾದರೆ ನೋಡಿ ಆಫ್ ಮಾಡಲು ಯಾರಾದರೂ ಎದುರಿಗೆ ಇರಬೇಕು. ಮರೆತಾಗ ಆಫ್ ಮಾಡುವುದಕ್ಕೆ ಪ್ಲಗ್ ಇರಲಿ, ಆನ್ ಮಾಡುವುದು ಕೈಯಲ್ಲೇ ಆಗಲಿ. ಯಾವ ಆಂಪ್ಲಿಫೈಯರ್‌ಗೂ ಸ್ಮಾರ್ಟ್ ಡಿಮ್ಮರ್ ಮಾತ್ರ ಹಾಕಲೇಬೇಡಿ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ.

ಮೂರು ಪಿನ್ ಇರುವ ಆಂಪ್ಲಿಫೈಯರ್‌ಗೆ ಅರ್ಥ್ ಪಿನ್ ಸರಿಯಾಗಿ ದಾಟಿಸುವ ಪ್ಲಗ್ಗೇ ಬೇಕು. ಹಮ್ (ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು) ಬರುತ್ತದೆ ಎಂದು ಅರ್ಥ್ ತೆಗೆದು ಎರಡು ಪಿನ್‌ನ ಅಡಾಪ್ಟರ್ ಹಾಕುವವರು ಇದ್ದಾರೆ, ಅದು ಪ್ರಾಣಕ್ಕೇ ಅಪಾಯ. ಹಾಗೆಯೇ ಸಾಮಾನ್ಯ ಸ್ಮಾರ್ಟ್ ಪ್ಲಗ್ ಒಂದೇ ವೈರನ್ನು ಕತ್ತರಿಸುತ್ತದೆ. ಸಾಕೆಟ್‌ನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿದ್ದರೆ ಆಫ್ ಆದಮೇಲೂ ಒಳಗೆ ಫೇಸ್ ಇದ್ದೇ ಇರುತ್ತದೆ. ಮುಚ್ಚಳ ಬಿಚ್ಚುವ ಮೊದಲು ಪಿನ್ ಕಿತ್ತೇ ಬಿಚ್ಚಬೇಕು.

ಕೊನೆಗೆ ಸೆಟ್ಟಿಂಗ್ ಎರಡು ಇವೆ. ಕರೆಂಟ್ ಹೋಗಿ ಬಂದಾಗ ಪ್ಲಗ್ ಏನು ಮಾಡಬೇಕು ಅನ್ನುವುದು ಒಂದು: ಆನ್, ಆಫ್, ಇಲ್ಲವೇ ಮೊದಲು ಹೇಗಿತ್ತೋ ಹಾಗೆ. ಪವರ್ ಆಂಪ್ಲಿಫೈಯರ್‌ಗೆ ಆಫ್ ಇಡಿ. ಕರೆಂಟ್ ಬಂದ ಕ್ಷಣದಲ್ಲಿ ವೋಲ್ಟೇಜ್ ಏರಿಳಿಯುವುದು, ಹೋಗಿ ಹೋಗಿ ಬರುವುದು ಇರುತ್ತದೆ. ಆಗ ಟೊರಾಯ್ಡ್ ಸಾಲಾಗಿ ಹೊಡೆತ ತಿನ್ನುವುದು ಬೇಡ. ಎರಡನೆಯದು ಎಚ್ಚರಿಕೆಯ ಆಟೊಮೇಷನ್. ಪ್ಲಗ್ ಆಫ್ ಎನ್ನುತ್ತಿದೆ, ಆದರೆ ಒಂದು ನಿಮಿಷದ ಮೇಲೂ 5 ವ್ಯಾಟ್‌ಗಿಂತ ಜಾಸ್ತಿ ಹರಿಯುತ್ತಿದೆ ಎಂದರೆ ಫೋನಿಗೆ ಸಂದೇಶ ಬರುವ ಹಾಗೆ ಮಾಡಿ. ರಿಲೇ ಅಂಟಿಕೊಂಡ ದಿನವೇ ನಿಮಗೆ ಗೊತ್ತಾಗುತ್ತದೆ.